ಮಳೆಗಾಲದಲ್ಲಿ ಬೀದಿ ಫೋಟೋ ತೆಗಿಯುದು ಹೇಗೆ: ಟೋಕಿಯೋದಲ್ಲಿ ಕಲ್ತು ಮಂಗಳೂರಲ್ಲಿ ಮಾಡುದು

ಮಳೆ ಶುರುವಾದ ಕೂಡ್ಲೆ ಕ್ಯಾಮೆರಾ ಕಪಾಟಿಗೆ ಹಾಕಿ ಸೆಪ್ಟೆಂಬರ್‌ವರೆಗೆ ಮುಟ್ಟದವರು ನಮ್ಮ ಊರಲ್ಲಿ ತುಂಬ ಜನ ಇದ್ದಾರೆ, ನಾನೂ ಹಾಗೇ ಇದ್ದೆ, ಒಂದು ಜೂನಲ್ಲಿ ಟೋಕಿಯೋಗೆ ಹೋಗಿ ಬರುವವರೆಗೆ. ಅಲ್ಲೂ ಜೂನಂದ್ರೆ ಮಳೆಗಾಲ, ತ್ಸುಯು ಅಂತಾರೆ. ಟೋಕಿಯೋದ ಶಿಂಜುಕು ಪೇಟೆಯಲ್ಲಿ ನಿಂತ್ರೆ ಎಲ್ಲಿ ನೋಡಿದ್ರೂ ಪಾರದರ್ಶಕ ಪ್ಲಾಸ್ಟಿಕ್ ಕೊಡೆ, ಒಳಗಿನ ಮುಖವೂ ಕಾಣ್ತದೆ, ಮೇಲಿನ ನೀರಹನಿಯಲ್ಲಿ ಅಂಗಡಿ ಬೋರ್ಡಿನ ಬಣ್ಣವೂ ಕಾಣ್ತದೆ. ಅಂಗಡಿ ಬಾಗಿಲಲ್ಲಿ ಒದ್ದೆ ಕೊಡೆಗೆ ಅಂತಲೇ ಉದ್ದ ಚೀಲ ಇಟ್ಟಿರ್ತಾರೆ, ಜನ ಅದಕ್ಕೆ ಕೊಡೆ ತುರುಕುವ ಆ ಎರಡು ಸೆಕೆಂಡ್ ನಂಗೆ ನೂರಾರು ಜನ ಒಟ್ಟಿಗೇ ರಸ್ತೆ ದಾಟುವ ಶಿಬುಯಾ ಕ್ರಾಸಿಂಗಿಗಿಂತ ಜಾಸ್ತಿ ಇಷ್ಟ ಆಯ್ತು.

ನಮ್ಮಲ್ಲಿ ಹೆಚ್ಚು ಕಪ್ಪು ಕೊಡೆ, ಮುಖ ಮುಚ್ಚಿಹೋಗ್ತದೆ. ಹಾಗಾಗಿ ಬಗ್ಗಿ, ಮೊಣಕಾಲೆತ್ತರದಿಂದ ತೆಗಿರಿ. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಲ್ಲಿ ಬಸ್ಸಿಳಿದವರು ಲುಂಗಿ ಎತ್ತಿ ಕಟ್ಟುದು, ಸೀರೆ ನೆರಿಗೆ ಹಿಡಿದು ಹೊಂಡ ದಾಟುದು, ಎಷ್ಟು ಉಂಟು ಮಾರಾಯ್ರೇ! ಮುಖವೇ ಬೇಕಾದ್ರೆ ಹೋಟೆಲ್ ಬಾಗಿಲ ಹತ್ರ ನಿಲ್ಲಿ, ಕೊಡೆ ಮಡಚುವಾಗ ಸಿಗ್ತದೆ.

ಸೆಟ್ಟಿಂಗ್ ಅಂದ್ರೆ ಶಟರ್ 1/250 ಸೆಕೆಂಡ್, ಎಫ್/8 (ಲೆನ್ಸಿನ ಕಿಂಡಿ ಸಣ್ಣದು, ಹತ್ರ ದೂರ ಎರಡೂ ಸ್ಪಷ್ಟ), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೋ. ರಿಕೋ ಜಿಆರ್ ತರದ, 28 ಎಂಎಂ ಅಗಲ ನೋಟದ ಲೆನ್ಸಿನ ಸಣ್ಣ ಕ್ಯಾಮೆರಾ ಆದ್ರೆ ಫೋಕಸ್ 2 ಮೀಟರಿಗೆ ಕಟ್ಟಿಡಿ, ಸುಮಾರು 1 ಮೀಟರಿಂದ ಆಚೆಗೆಲ್ಲ ಸ್ಪಷ್ಟ ಬರ್ತದೆ, ಆಟೋಫೋಕಸ್ ಮಳೆಹನಿ ಮೇಲೆ ಹೋಗಿ ಕೂರುದೂ ತಪ್ತದೆ, ಇನ್ನೊಂದು ಕೈಲಿ ಕೊಡೆ ಹಿಡಿಲಿಕ್ಕೂ ಆಗ್ತದೆ. ಸಂಜೆ ಐಎಸ್‌ಒ 3200 ದಾಟಿದ್ರೆ ಫೋಟೋ ತರಿತರಿ ಆಗ್ತದೆ ಅಂತ ಹೆದರ್ಬೇಡಿ. 1938ರಲ್ಲಿ ಹುಟ್ಟಿದ ಜಪಾನಿ ಫೋಟೋಗ್ರಾಫರ್ ಡೈಡೋ ಮೊರಿಯಾಮಾ ಇಂಥದ್ದೇ ಸಣ್ಣ ಕ್ಯಾಮೆರಾ ಹಿಡ್ಕೊಂಡು ಶಿಂಜುಕು ಸುತ್ತಿದವರು, ಅವರ ಕಪ್ಪುಬಿಳುಪು ಫೋಟೋಗಳಲ್ಲಿ ತರಿತರಿ, ಅಲುಗಾಟ, ಮಸುಕು ಮೂರೂ ಉಂಟು, ಜಪಾನಲ್ಲಿ ಅದಕ್ಕೆ ಅರೆ ಬುರೆ ಬೊಕೆ ಅಂತಲೇ ಹೆಸರು. ಕಾರ್‌ಸ್ಟ್ರೀಟಲ್ಲಿ ಹೂವಿನ ಅಂಗಡಿಯ ಒಂದೇ ಬಲ್ಬಿನ ಬೆಳಕಿಗೆ ಅದು ಎಷ್ಟು ಚಂದ ಹೊಂದ್ತದೆ ಅಂತ ತೆಗೆದು ನೋಡಿ.

ಎಸಿ ಕಾರಿಂದ ಇಳಿದ ಕೂಡ್ಲೆ ಲೆನ್ಸ್ ಮಂಜಾಗ್ತದೆ, ಉಜ್ಜಬೇಡಿ, ಬ್ಯಾಗೊಳಗೇ ಇಟ್ಟು ಹದಿನೈದು ಇಪ್ಪತ್ತು ನಿಮಿಷ ಚಾ ಕುಡಿರಿ.

ಉಡುಪಿ ಹತ್ರದ ಮಲ್ಪೆ ಮೀನುಗಾರಿಕೆ ಬಂದರಿಗೆ ಹೋಗುದಾದ್ರೆ ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟಿಗೆ ರಜೆ, ಬಲೆ ಹೊಲಿಯುವವರು ಸಿಗ್ತಾರೆ. ಮೊದಲು ಕ್ಯಾಮೆರಾ ತೋರಿಸಿ, ತುಳುವಲ್ಲಿ ನಾಲ್ಕು ಮಾತಾಡಿ, ಆಮೇಲೆ ತೆಗಿರಿ. ಜಪಾನಲ್ಲಿ ಮಾರುವ ಹೆಚ್ಚಿನ ಫೋನಿನ ಶಟರ್ ಶಬ್ದ ಅಲ್ಲಿ ಮ್ಯೂಟ್ ಮಾಡ್ಲಿಕ್ಕೇ ಆಗುದಿಲ್ಲ, ಎದುರಿನವರಿಗೆ ಗೊತ್ತಾಗ್ಲಿ ಅಂತ, ನಂಗೆ ಅದು ಸರಿ ಕಾಣ್ತದೆ, ನಾನೂ ಈಗ ಶಬ್ದ ಆನ್ ಇಟ್ಟೇ ತೆಗಿಯುದು. ಯಾರಾದ್ರೂ ಬೇಡ ಅಂದ್ರೆ ಅವರೆದುರೇ ಡಿಲೀಟ್ ಮಾಡಿ.