ಐದು ಕ್ಷೇತ್ರ, ಮೂವತ್ತು ಸೀಟು: 1909ರ ಟಾಸ್ಮೇನಿಯಾ ಫಲಿತಾಂಶದ ಪಟ್ಟಿ ಮಾಡಿದ ನನ್ನ ಅನುಭವ

ಮೊಮ್ಮಗನ ಒಂದು ಪ್ರಶ್ನೆಯಿಂದ ಈ ಕೆಲಸ ಶುರುವಾಯಿತು. ಮಗನ ಸಂಸಾರ ಇರುವುದು ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ, ಹೋಬಾರ್ಟ್ ಊರಿನಲ್ಲಿ. ನಾನು ಅಲ್ಲಿ ಆರು ತಿಂಗಳು ಇದ್ದೆ. "ಅಜ್ಜಿ, ನಮ್ಮ ಕ್ಷೇತ್ರಕ್ಕೆ ಕ್ಲಾರ್ಕ್ ಅಂತ ಹೆಸರು. ಯಾರು ಆ ಕ್ಲಾರ್ಕ್?" ಅಂತ ಕೇಳಿದ. ಶಾಲೆಯಲ್ಲಿ ಬರೆದುಕೊಂಡು ಬರಲು ಹೇಳಿದ್ದರಂತೆ. ಇಬ್ಬರೂ ಕೂತು ಹುಡುಕಿದೆವು.

ಆಂಡ್ರ್ಯೂ ಇಂಗ್ಲಿಸ್ ಕ್ಲಾರ್ಕ್ ಹೋಬಾರ್ಟಿನ ವಕೀಲ. ಆಮೇಲೆ ಅಲ್ಲಿನ ಅಟಾರ್ನಿ ಜನರಲ್ ಆದವರು. ಪ್ರಾಶಸ್ತ್ಯ ಮತದ, ಅಂದರೆ ಅಭ್ಯರ್ಥಿಗಳ ಮುಂದೆ 1, 2, 3 ಅಂತ ಇಷ್ಟದ ಕ್ರಮ ಬರೆಯುವ, ಒಂದು ಪದ್ಧತಿಯನ್ನು 1896ರಲ್ಲಿ ಕಾನೂನು ಮಾಡಿಸಿದರು. ಅದಕ್ಕೆ ಹೇರ್-ಕ್ಲಾರ್ಕ್ ಪದ್ಧತಿ ಅನ್ನುತ್ತಾರೆ. ಮೊದಲು 1897ರಲ್ಲಿ ಹೋಬಾರ್ಟ್ ಮತ್ತು ಲಾನ್ಸೆಸ್ಟನ್ ಎರಡೇ ಊರುಗಳಲ್ಲಿ ಪ್ರಯೋಗ ಮಾಡಿದರು. ಇಡೀ ರಾಜ್ಯಕ್ಕೆ ಅದು ಬಂದದ್ದು 1909ರ ಏಪ್ರಿಲ್ 30ರ ಚುನಾವಣೆಯಲ್ಲಿ. ಅಷ್ಟರಲ್ಲಿ ಕ್ಲಾರ್ಕ್ ತೀರಿಕೊಂಡು ಒಂದೂವರೆ ವರ್ಷ ಕಳೆದಿತ್ತು.

ಪ್ರಾಶಸ್ತ್ಯ ಮತ ಅಂದ ತಕ್ಷಣ ನನ್ನ ಕಿವಿ ನೆಟ್ಟಗಾಯಿತು. ನಾನು ಹೈಸ್ಕೂಲಿನಲ್ಲಿ ಗಣಿತದ ಮೇಡಂ ಆಗಿದ್ದವಳು. ಎಲೆಕ್ಷನ್ ಡ್ಯೂಟಿ ತುಂಬಾ ಮಾಡಿದ್ದೇನೆ. ಮೈಸೂರಿನಲ್ಲಿ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಎಣಿಕೆಗೆ ಎರಡು ಸಲ ಕೂತಿದ್ದೇನೆ. ಆ ಎಣಿಕೆ ಗೊತ್ತಿರುವವರಿಗೆ ಗೊತ್ತು. ಕೊನೆಯಲ್ಲಿ ಇರುವವರನ್ನು ಒಬ್ಬೊಬ್ಬರಾಗಿ ಎಲಿಮಿನೇಟ್ ಮಾಡುತ್ತಾ, ಅವರ ಕಟ್ಟು ಬಿಚ್ಚಿ, ಎರಡನೇ ಪ್ರಾಶಸ್ತ್ಯ ನೋಡಿ ಹಂಚುತ್ತಾ ಹೋಗಬೇಕು. ರಾತ್ರಿಯೆಲ್ಲಾ ನಡೆಯುತ್ತದೆ. ಅಲ್ಲಿ ಇರುವುದು ಒಂದೇ ಸೀಟು. 1909ರ ಟಾಸ್ಮೇನಿಯಾದಲ್ಲಿ ಒಂದೊಂದು ಕ್ಷೇತ್ರಕ್ಕೆ ಆರು ಸೀಟು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದನ್ನು ಹೇಗೆ ಎಣಿಸಿದರು? ಕ್ಷೇತ್ರವಾರು ಫಲಿತಾಂಶ ಪೂರ್ತಿ ನೋಡಲೇಬೇಕು ಅನ್ನಿಸಿತು.

ಹುಡುಕಿದರೆ ಸುಲಭವಾಗಿ ಸಿಕ್ಕಿದ್ದು ಗೆದ್ದ 30 ಜನರ ಪಟ್ಟಿ. ಇನ್ನೂ ಸ್ವಲ್ಪ ಹುಡುಕಿದರೆ ಮೊದಲ ಪ್ರಾಶಸ್ತ್ಯದ ಮತಗಳು. ನನ್ನ ಪ್ರಕಾರ ಇವೆರಡೂ ಸಾಲದು. ಒಬ್ಬರಿಗೆ ಒಂದು ಓಟಿನ ಚುನಾವಣೆಯಲ್ಲಿ ಒಂದು ಕ್ಷೇತ್ರದ ಫಲಿತಾಂಶ ಒಂದು ಸಾಲಿನಲ್ಲಿ ಮುಗಿಯುತ್ತದೆ. ಪ್ರಾಶಸ್ತ್ಯ ಮತದಲ್ಲಿ ಹಾಗಾಗುವುದಿಲ್ಲ. ಯಾರು ಮೊದಲು ಕೋಟಾ (ಗೆಲ್ಲಲು ಬೇಕಾದಷ್ಟು ಮತ) ಮುಟ್ಟಿದರು, ಅವರ ಹೆಚ್ಚುವರಿ ಮತ ಯಾರಿಗೆ ಹೋಯಿತು, ಯಾರು ಹೊರಬಿದ್ದಾಗ ಯಾರು ಮೇಲೆ ಬಂದರು, ಇದೆಲ್ಲ ಸೇರಿದರೆ ಮಾತ್ರ ಫಲಿತಾಂಶ. ಆದ್ದರಿಂದ ಎಣಿಕೆಯ ಪ್ರತಿ ಸುತ್ತನ್ನೂ ಬರೆದಿಡುವ ಪಟ್ಟಿ ಮಾಡಲು ಕೂತೆ. ಎಕ್ಸೆಲ್‌ನಲ್ಲಿ ಐದು ಶೀಟ್ ತೆಗೆದೆ. ಬಾಸ್, ಡಾರ್ವಿನ್, ಡೆನಿಸನ್, ಫ್ರಾಂಕ್ಲಿನ್, ವಿಲ್ಮಟ್.

ಕೆಲಸ ಶುರು ಮಾಡುವಾಗ ಈ ಹೆಸರುಗಳೇ ಮೊದಲ ತೊಡಕು. ಡೆನಿಸನ್ ಅಂದರೆ ಹೋಬಾರ್ಟ್ ಊರು. ಅದೇ ಈಗಿನ ಕ್ಲಾರ್ಕ್, ಹೆಸರು ಬದಲಾದದ್ದು 2018ರಲ್ಲಿ. ವಿಲ್ಮಟ್ 1984ರಲ್ಲಿ ಲಯನ್ಸ್ ಆಯಿತು. ಡಾರ್ವಿನ್ 1955ರಲ್ಲಿ ಬ್ರಾಡನ್ ಆಯಿತು. ಡಾರ್ವಿನ್ ಅಂತ ಸುಮ್ನೆ ಹುಡುಕಿದರೆ ಆಸ್ಟ್ರೇಲಿಯಾದ ಉತ್ತರದ ತುದಿಯ ಡಾರ್ವಿನ್ ನಗರವೇ ಬರುತ್ತದೆ. ಈ ಕ್ಷೇತ್ರ ಇದ್ದದ್ದು ಟಾಸ್ಮೇನಿಯಾದ ವಾಯವ್ಯ ಮತ್ತು ಪಶ್ಚಿಮದಲ್ಲಿ, ಗಣಿಗಳ ಕಡೆ. ಹೆಸರು ಮಾತ್ರ ಅದೇ ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ ಅವರದು. ಅವರು 1836ರ ಫೆಬ್ರವರಿಯಲ್ಲಿ ಬೀಗಲ್ ಹಡಗಿನಲ್ಲಿ ಹೋಬಾರ್ಟಿಗೆ ಬಂದಿದ್ದರು, 27ನೇ ಹುಟ್ಟುಹಬ್ಬ ಕಳೆದದ್ದೂ ಅಲ್ಲೇ. ಆಮೇಲೆ ಬಂದ ಹೆಸರಿನ ಎಡ್ವರ್ಡ್ ಬ್ರಾಡನ್, ಕ್ಲಾರ್ಕ್ ಕಾನೂನು ತಂದಾಗ ಟಾಸ್ಮೇನಿಯಾದ ಪ್ರೀಮಿಯರ್. ಅಂದರೆ ನಮ್ಮಲ್ಲಿ ಮುಖ್ಯಮಂತ್ರಿ ಇದ್ದ ಹಾಗೆ. ಅವರು 1878ರಲ್ಲಿ ಟಾಸ್ಮೇನಿಯಾಕ್ಕೆ ಹೋಗುವ ಮುಂಚೆ ಸುಮಾರು 30 ವರ್ಷ ನಮ್ಮ ದೇಶದಲ್ಲೇ ಇದ್ದವರು, ಸಂತಾಲ ಪರಗಣದಲ್ಲಿ, ಅವಧ್‌ನಲ್ಲಿ ಅಧಿಕಾರಿ. ಇದು ಓದಿದಾಗ ಆ ಹೆಸರು ಯಾಕೋ ಹತ್ತಿರದ್ದು ಅನ್ನಿಸಿತು. ಪಟ್ಟಿಯಲ್ಲಿ ನಾನು 1909ರ ಹೆಸರನ್ನೇ ಇಟ್ಟೆ, ಪಕ್ಕದ ಕಾಲಂನಲ್ಲಿ ಈಗಿನ ಹೆಸರು. ಹಳೇ ಹೆಸರು ಅಳಿಸಿ ಹೊಸದು ಹಾಕಿದರೆ ಪತ್ರಿಕೆಯಲ್ಲಿ ಹುಡುಕುವವರಿಗೆ ಏನೂ ಸಿಗುವುದಿಲ್ಲ.

ಪತ್ರಿಕೆಗಳು ಸಿಕ್ಕಿದ್ದು ಟ್ರೋವ್‌ನಲ್ಲಿ. ಅದು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ ನಡೆಸುವ ತಾಣ. ಹಳೇ ಪತ್ರಿಕೆಗಳ ಪುಟಗಳು ಅಲ್ಲಿ ದುಡ್ಡಿಲ್ಲದೆ ಓದಲು ಸಿಗುತ್ತವೆ, ಮೈಸೂರಿನಲ್ಲಿ ಕೂತೂ ನೋಡಬಹುದು. ಹೋಬಾರ್ಟಿನ ಮರ್ಕ್ಯುರಿ, ಲಾನ್ಸೆಸ್ಟನ್ನಿನ ಎಕ್ಸಾಮಿನರ್, ಗಣಿಯೂರಿನ ಝೀಹನ್ ಆಂಡ್ ಡಂಡಾಸ್ ಹೆರಾಲ್ಡ್ ಈ ಮೂರನ್ನು ನಾನು ಜಾಸ್ತಿ ಬಳಸಿದೆ. ಒಂದೇ ಪತ್ರಿಕೆ ನಂಬಬೇಡಿ. ಪ್ರತಿ ಊರಿನ ಪತ್ರಿಕೆ ತನ್ನ ಕ್ಷೇತ್ರದ ಎಣಿಕೆಯನ್ನು ವಿವರವಾಗಿ ಹಾಕುತ್ತದೆ, ದೂರದ ಕ್ಷೇತ್ರದ್ದನ್ನು ಚಿಕ್ಕದು ಮಾಡುತ್ತದೆ.

ಹುಡುಕುವಾಗ ಇನ್ನೊಂದು ಎಚ್ಚರಿಕೆ. ಮುಂದಿನ ಚುನಾವಣೆ ನಡೆದದ್ದು 1912ರಲ್ಲಿ, ಅದೂ ಏಪ್ರಿಲ್ 30ಕ್ಕೇ. ಕ್ಷೇತ್ರಗಳ ಹೆಸರು ಅವೇ, ಅಭ್ಯರ್ಥಿಗಳಲ್ಲೂ ಹಲವರು ಅವರೇ. ಒಂದು ಸಂಜೆ ಬಾಸ್ ಕ್ಷೇತ್ರದ ಅರ್ಧ ಪುಟ ತುಂಬಿಸಿದ ಮೇಲೆ ಗೊತ್ತಾಯಿತು, ನಾನು ನೋಡುತ್ತಿದ್ದದ್ದು 1912ರ ಪುಟ. ಎಲ್ಲಾ ಅಳಿಸಿ ಮತ್ತೆ ಶುರು ಮಾಡಿದೆ. ಅಂದಿನಿಂದ ಪ್ರತಿ ಸಾಲಿನ ಕೊನೆಗೆ ಪತ್ರಿಕೆಯ ಹೆಸರು, ತಾರೀಖು, ಪುಟ ಬರೆಯುವುದು ರೂಢಿಯಾಯಿತು. ಲೇಬರ್ ಪಕ್ಷದ ಹೆಸರಿಗೂ ಇಂಗ್ಲಿಷಿನಲ್ಲಿ ಎರಡು ಕಾಗುಣಿತ ಇದೆ. ನಮ್ಮ ಲಿಪಿಯಲ್ಲಿ ಎರಡೂ ಒಂದೇ. ಹುಡುಕುವಾಗ ಎರಡೂ ಹಾಕಿ ನೋಡಬೇಕು.

ಚುನಾವಣೆಯ ಮಾರನೇ ದಿನದ ಪತ್ರಿಕೆ ಸಿಕ್ಕಿತು ಅಂತ ಖುಷಿಪಡಬೇಡಿ. ಅದರಲ್ಲಿ ಇರುವುದು ಅಲ್ಲಿಯವರೆಗೆ ತಂತಿಯಲ್ಲಿ ಬಂದ ಲೆಕ್ಕ. ದೂರದ ಮತಗಟ್ಟೆಗಳದ್ದು ಇನ್ನೂ ಸೇರಿರುವುದಿಲ್ಲ. ಅಧಿಕೃತ ಎಣಿಕೆಯ ಪಟ್ಟಿ ಬರುವವರೆಗೆ ಮುಂದಿನ ದಿನಗಳ ಪತ್ರಿಕೆಯನ್ನೆಲ್ಲ ತಿರುವಬೇಕು. ನಾನು ಹಳದಿ ಬಣ್ಣ ಬಳಿದ ಸಂಖ್ಯೆ ತಾತ್ಕಾಲಿಕ, ಬಣ್ಣ ಇಲ್ಲದ್ದು ಅಂತಿಮ ಅಂತ ಇಟ್ಟುಕೊಂಡೆ.

ಈಗ ಲೆಕ್ಕದ ಮಾತು. ನನಗೆ ತುಂಬಾ ಇಷ್ಟವಾದ ಭಾಗ ಇದು.

ಕೋಟಾ ಹೀಗೆ: ಸಿಂಧು ಮತಗಳನ್ನು ಸೀಟುಗಳಿಗಿಂತ ಒಂದು ಹೆಚ್ಚಿನ ಸಂಖ್ಯೆಯಿಂದ ಭಾಗಿಸಿ, ಒಂದು ಕೂಡಿಸಬೇಕು. ಪದವೀಧರ ಕ್ಷೇತ್ರದಲ್ಲಿ ಒಂದು ಸೀಟು, ಆದ್ದರಿಂದ ಎರಡರಿಂದ ಭಾಗಿಸುತ್ತೇವೆ. ಇಲ್ಲಿ ಆರು ಸೀಟು, ಏಳರಿಂದ ಭಾಗಿಸಬೇಕು. ಲೆಕ್ಕಕ್ಕೆ ಸುಲಭವಾಗಲಿ ಅಂತ 7,000 ಸಿಂಧು ಮತ ಇವೆ ಅನ್ನೋಣ. ಕೋಟಾ 1,001. ಆರು ಜನ ಅಷ್ಟು ಪಡೆಯಬಹುದು. ಏಳನೆಯವರಿಗೆ ಉಳಿಯುವುದು 994, ಸಾಲುವುದಿಲ್ಲ.

ಒಬ್ಬರಿಗೆ 1,501 ಬಂತು ಅಂದುಕೊಳ್ಳಿ. ಕೋಟಾ ಕಳೆದರೆ 500 ಹೆಚ್ಚುವರಿ. ಯಾವ 500 ಚೀಟಿ ಎತ್ತಿ ಮುಂದಿನವರಿಗೆ ಕೊಡುವುದು? ಮೇಲಿನ 500 ಎತ್ತಿದರೆ ಅದೃಷ್ಟದ ಆಟ ಆಗುತ್ತದೆ ಅಲ್ವಾ? ಟಾಸ್ಮೇನಿಯಾದವರು ಹಾಗೆ ಮಾಡಲಿಲ್ಲ. 1,501 ಚೀಟಿಗಳನ್ನೂ ಎರಡನೇ ಪ್ರಾಶಸ್ತ್ಯದ ಪ್ರಕಾರ ವಿಂಗಡಿಸಿದರು. ಪ್ರತಿ ಚೀಟಿಗೂ 1,501ರಲ್ಲಿ 500 ಪಾಲು, ಅಂದರೆ ಸುಮಾರು 0.333 ಬೆಲೆ ಕಟ್ಟಿದರು. ಆ ಚೀಟಿಗಳಲ್ಲಿ 600 ಒಬ್ಬ ಅಭ್ಯರ್ಥಿಯ ಕಡೆ ಹೋದರೆ ಅವರಿಗೆ ಸಿಗುವುದು 199. ಉಳಿದ ಚೂರು ಲೆಕ್ಕದಿಂದ ಬಿಡುತ್ತದೆ. ಇದಕ್ಕೆ ಗ್ರೆಗರಿ ವಿಧಾನ ಅನ್ನುತ್ತಾರೆ. ಮೆಲ್ಬರ್ನಿನ ಗ್ರೆಗರಿ ಎಂಬುವರು 1880ರಲ್ಲಿ ಸೂಚಿಸಿದ್ದು. ಇದನ್ನೆಲ್ಲ 1909ರಲ್ಲಿ ಗುಮಾಸ್ತರು ಕಾಗದದ ಮೇಲೆ ಮಾಡಿದರು. ಚೀಟಿಗಳ ಗೂಡು, ಕಟ್ಟು, ಭಿನ್ನರಾಶಿ, ಎಲ್ಲಾ ಕೈಯಲ್ಲಿ. ಎಣಿಕೆ ಕೋಣೆಯಲ್ಲಿ ಕೂತು ಬಂದ ನನಗೆ ಅವರ ಮೇಲೆ ಬಹಳ ಗೌರವ.

ಈ ಲೆಕ್ಕದಿಂದ ಪಟ್ಟಿ ಮಾಡುವವರಿಗೆ ಒಂದು ದೊಡ್ಡ ಉಪಕಾರ ಇದೆ. ಪ್ರತಿ ಸುತ್ತಿನಲ್ಲೂ ಎಲ್ಲಾ ಅಭ್ಯರ್ಥಿಗಳ ಮತ, ಮುಂದಿನ ಪ್ರಾಶಸ್ತ್ಯ ಇಲ್ಲದೆ ನಿಂತುಹೋದ ಮತ, ಭಿನ್ನರಾಶಿಯಲ್ಲಿ ಕಳೆದ ಮತ, ಈ ಮೂರೂ ಸೇರಿ ಮೊದಲ ಸುತ್ತಿನ ಒಟ್ಟು ಮತಕ್ಕೆ ಟ್ಯಾಲಿ ಆಗಲೇಬೇಕು. ಒಂದು ಮತವೂ ಆಚೆ ಈಚೆ ಆಗುವ ಹಾಗಿಲ್ಲ. ಟ್ರೋವ್‌ನಲ್ಲಿ ಪುಟದ ಚಿತ್ರವನ್ನು ಯಂತ್ರ ಓದಿ ಅಕ್ಷರ ಮಾಡಿರುತ್ತದೆ. ಮಸಿ ಹರಡಿದ ಕಡೆ 3 ಇದ್ದದ್ದು 8 ಆಗಿರುತ್ತದೆ, 6 ಸೊನ್ನೆ ಆಗಿರುತ್ತದೆ. ಸಂಖ್ಯೆಗಳನ್ನು ನಕಲು ಮಾಡಿ ಅಂಟಿಸಲೇಬೇಡಿ. ಚಿತ್ರ ದೊಡ್ಡದು ಮಾಡಿ ಕಣ್ಣಿನಿಂದ ಓದಿ ಟೈಪ್ ಮಾಡಿ.

ಆದರೂ ತಪ್ಪು ಬರುತ್ತದೆ. ಆಗ ವ್ಯತ್ಯಾಸ ಎಷ್ಟು ಅಂತ ನೋಡಿ. ಸರಿಯಾಗಿ 5, 50 ಅಥವಾ 500 ಬಂದರೆ 3 ಮತ್ತು 8 ಅದಲುಬದಲಾಗಿರುವ ಸಾಧ್ಯತೆ ಜಾಸ್ತಿ. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಅಕ್ಕಪಕ್ಕದ ಎರಡು ಅಂಕಿ ಹಿಂದುಮುಂದಾಗಿರಬಹುದು, 47 ಬರೆಯುವ ಕಡೆ 74 ಬರೆದ ಹಾಗೆ. ಇದನ್ನು ನಾನು ಮಕ್ಕಳಿಗೆ ಎಂಟನೇ ತರಗತಿಯಲ್ಲಿ ಹೇಳಿಕೊಡುತ್ತಿದ್ದೆ. ಫ್ರಾಂಕ್ಲಿನ್ ಶೀಟಿನಲ್ಲಿ ಮೂರು ದಿನ ಸತಾಯಿಸಿದ ಒಂದು ಸುತ್ತು ಇದರಿಂದಲೇ ಸರಿಹೋಯಿತು. ತಪ್ಪು ಸಿಕ್ಕಾಗಲೆಲ್ಲ ಟ್ರೋವ್‌ನಲ್ಲಿ ಆ ಸಾಲನ್ನು ತಿದ್ದಿದೆ. ಯಾರು ಬೇಕಾದರೂ ತಿದ್ದಬಹುದು.

ಪಕ್ಷದ ಕಾಲಂ ಬಗ್ಗೆ ಬಹಳ ಯೋಚನೆ ಮಾಡಿದೆ. ಲೇಬರ್‌ಗೆ 30ರಲ್ಲಿ 12 ಸೀಟು ಬಂತು. ಅವರ ಮತ ಶೇಕಡಾ 39ರ ಹತ್ತಿರ, ಸೀಟು ಶೇಕಡಾ 40. ಹಿಂದಿನ 1906ರ ಚುನಾವಣೆಯಲ್ಲಿ 35 ಸೀಟಿನಲ್ಲಿ ಅವರಿಗೆ 7 ಮಾತ್ರ ಸಿಕ್ಕಿತ್ತು. ಲೇಬರ್ ವಿಷಯದಲ್ಲಿ ಗೊಂದಲ ಇಲ್ಲ. ಉಳಿದ 18 ಜನರನ್ನು ಏನೆನ್ನುವುದು? ಅವರನ್ನು ಸಮಾಜವಾದ ವಿರೋಧಿಗಳು ಅಂತ ಕರೆಯುತ್ತಿದ್ದರು. ಅವರಲ್ಲಿ ನಾರ್ಮನ್ ಯೂಯಿಂಗ್ ಬೇರೆಯದೇ ಹಾದಿಯವರು. ಎಲ್ಲರನ್ನೂ ಒಂದೇ ಹೆಸರಿನಡಿ ಹಾಕಿದರೆ 18ಕ್ಕೆ 12, ಗಟ್ಟಿ ಸರ್ಕಾರ ಅನ್ನಿಸುತ್ತದೆ. ನಡೆದದ್ದೇ ಬೇರೆ. ಪ್ರೀಮಿಯರ್ ಜಾನ್ ಇವಾನ್ಸ್ ಜೂನ್‌ನಲ್ಲೇ ಹೋದರು, ಎಲಿಯಟ್ ಲೂಯಿಸ್ ಬಂದರು. ಅಕ್ಟೋಬರ್ 20ಕ್ಕೆ ಲೇಬರ್‌ನ ಜಾನ್ ಅರ್ಲ್ ಪ್ರೀಮಿಯರ್ ಆದರು, ಒಂದೇ ವಾರ ಇದ್ದರು. 27ಕ್ಕೆ ಮತ್ತೆ ಲೂಯಿಸ್. ಆದ್ದರಿಂದ ನಾನು ಎರಡು ಕಾಲಂ ಮಾಡಿದೆ. ಒಂದರಲ್ಲಿ ಆ ದಿನದ ಪತ್ರಿಕೆ ಕೊಟ್ಟ ಹೆಸರು, ಇನ್ನೊಂದರಲ್ಲಿ ನನ್ನ ಗುಂಪು. ಮೊದಲನೆಯದನ್ನು ಯಾವತ್ತೂ ಮುಟ್ಟುವುದಿಲ್ಲ.

ಗೆದ್ದವರು ಮತ್ತು ಆ ಅವಧಿಯ ಸದಸ್ಯರು, ಈ ಎರಡು ಪಟ್ಟಿಗಳನ್ನೂ ಬೆರೆಸಬಾರದು. ಜೆನ್ಸ್ ಜೆನ್ಸನ್, ಜೇಮ್ಸ್ ಲಾಂಗ್ ಇಬ್ಬರೂ 1909ರಲ್ಲಿ ಗೆದ್ದು 1910ರಲ್ಲಿ ಫೆಡರಲ್ ಸಂಸತ್ತಿಗೆ ಹೋದರು. ಅವರ ಜಾಗಕ್ಕೆ ಬಂದವರ ಹೆಸರು ಸದಸ್ಯರ ಪಟ್ಟಿಯಲ್ಲಿ ಇರುತ್ತದೆ, ಏಪ್ರಿಲ್ 30ರ ಫಲಿತಾಂಶದಲ್ಲಿ ಇರುವುದಿಲ್ಲ.

1906ರ ಜೊತೆ ಕ್ಷೇತ್ರವಾರು ಹೋಲಿಕೆ ಮಾಡಿ ಅಂತ ಮಗ ಹೇಳಿದ. ನಾನು ಒಪ್ಪಲಿಲ್ಲ. ಆಗ ಇದ್ದದ್ದು ಒಬ್ಬೊಬ್ಬ ಸದಸ್ಯರ ಸಣ್ಣ ಕ್ಷೇತ್ರಗಳು. ಅಂಥ ಕಡೆ ಅವಿರೋಧ ಆಯ್ಕೆಯೂ ಆಗುತ್ತಿತ್ತು, ಆಗ ಮತಗಳೇ ಇರುವುದಿಲ್ಲ. ಅಲ್ಲಿ ಸೊನ್ನೆ ಬರೆದರೆ ಯಾರೂ ಓಟು ಹಾಕಲಿಲ್ಲ ಅನ್ನುವ ಅರ್ಥ ಬರುತ್ತದೆ. ಅವಿರೋಧ ಅಂತಲೇ ಬರೆಯಬೇಕು. ಅದನ್ನು ಐದು ದೊಡ್ಡ ಕ್ಷೇತ್ರಗಳಿಗೆ ಕೂಡಿಸುವುದು ಸರಿಯಾದ ಲೆಕ್ಕ ಅಲ್ಲ.

ಹೆಸರುಗಳನ್ನು ಟೈಪ್ ಮಾಡುವಾಗ ಒಂದು ವಿಷಯ ಮನಸ್ಸಿಗೆ ನಾಟಿತು. ಅಲ್ಲಿನ ಹೆಂಗಸರು ರಾಜ್ಯದ ಚುನಾವಣೆಯಲ್ಲಿ 1906ರಿಂದ ಓಟು ಹಾಕುತ್ತಿದ್ದರು. ಆದರೆ ನಿಲ್ಲುವ ಹಕ್ಕು ಬಂದದ್ದು 1921ರಲ್ಲಿ. ಈ ಚುನಾವಣೆ ನಡೆದ ಕೆಳಮನೆಗೆ, ಅಂದರೆ ನಮ್ಮ ವಿಧಾನಸಭೆಯಂಥ ಸದನಕ್ಕೆ, ಮೊದಲ ಹೆಂಗಸರು, ಮೇಬಲ್ ಮಿಲ್ಲರ್ ಮತ್ತು ಅಮೀಲಿಯಾ ಬೆಸ್ಟ್, ಗೆದ್ದದ್ದು 1955ರಲ್ಲಿ. ನನ್ನ ಐದು ಶೀಟುಗಳಲ್ಲಿ ಓಟಿನ ಅಂಕಿಯೊಳಗೆ ಅವರಿದ್ದಾರೆ, ಹೆಸರಿನ ಕಾಲಂನಲ್ಲಿ ಒಬ್ಬರೂ ಇಲ್ಲ.

ವಿಲ್ಮಟ್ ಶೀಟನ್ನು ಕೊನೆಗೆ ಮಾಡಿದೆ. ಅಲ್ಲಿ ಮೊದಲ ಸಲ ಗೆದ್ದವರಲ್ಲಿ ಜೋಸೆಫ್ ಲಯನ್ಸ್ ಎಂಬ ಶಾಲಾ ಮೇಷ್ಟ್ರು ಇದ್ದರು. ಅವರೇ 1932ರಿಂದ 1939ರವರೆಗೆ ಆಸ್ಟ್ರೇಲಿಯಾದ ಪ್ರಧಾನಿ. ಆ ಕ್ಷೇತ್ರದ ಈಗಿನ ಹೆಸರು ಬಂದದ್ದು ಅವರಿಂದ ಮತ್ತು ಅವರ ಹೆಂಡತಿ ಎನಿಡ್ ಅವರಿಂದ. ಪ್ರಧಾನಿ ಆದವರು ಅಂತ ಅವರ ಸಾಲಿಗೆ ಬಣ್ಣ ಬಳಿಯೋಣ ಅಂದ ಮೊಮ್ಮಗ. ಬೇಡ ಅಂದೆ. ಅವತ್ತು ಅವರು ಆರರಲ್ಲಿ ಒಬ್ಬರು, ಅಷ್ಟೇ. ಕೊನೆಯ ಸುತ್ತಿನ ಮೊತ್ತ ಹಾಕಿದಾಗ ವ್ಯತ್ಯಾಸದ ಚೌಕದಲ್ಲಿ ಸೊನ್ನೆ ಬಂತು. ಮೊಮ್ಮಗ ತಾನೇ ಕ್ಯಾಲ್ಕುಲೇಟರ್ ತಂದು ಇನ್ನೊಂದು ಸಲ ಕೂಡಿಸಿ ನೋಡಿದ. ಈಗ ಮೈಸೂರಿಗೆ ಬಂದು 1912ರ ಶೀಟುಗಳನ್ನು ತೆರೆದಿದ್ದೇನೆ, ಬಾಸ್ ಕ್ಷೇತ್ರದಿಂದಲೇ.