ಕ್ಯಾರ್ ಬಂದಾಗ ನನ್ನ ಬಳೆ ಲೆಕ್ಕ ಸರಿಬಂತು

ಚಂಡಮಾರುತ ಯಾವ ಕಡೆ ಹೋಗುತ್ತದೆ ಅನ್ನುವುದನ್ನು ಈಗಿನ ಹವಾಮಾನದ ಕಂಪ್ಯೂಟರ್ ಮಾಡೆಲ್‌ಗಳು ಸುಮಾರಾಗಿ ಸರಿ ಹೇಳುತ್ತವೆ. ಎಷ್ಟು ಬಲಿಯುತ್ತದೆ ಅನ್ನುವಲ್ಲೇ ಎಡವುವುದು. ನಾನೂ ಎಡವಿದ್ದೇನೆ, ಮೀನಿನ ಬೋಟ್ ಇರುವ ಭಾವನ ದುಡ್ಡಲ್ಲಿ.

2017ರ ನವೆಂಬರ್ ಕೊನೆ, ಒಖಿ ಚಂಡಮಾರುತ. ಮಾಡೆಲ್ ತೋರಿಸಿದ ಗಾಳಿ ನಂಬಿ "ಬರೀ ಡಿಪ್ರೆಷನ್, ಬಲೆ ಬಿಡಿ ಭಾವ" ಅಂದೆ. ಡಿಪ್ರೆಷನ್ ಅಂದರೆ ಚಂಡಮಾರುತಕ್ಕಿಂತ ಕಡಿಮೆ ಬಲದ ವಾಯುಭಾರ ಕುಸಿತ. 29ಕ್ಕೆ ಡಿಪ್ರೆಷನ್ ಆಗಿದ್ದು 30ಕ್ಕೆ ಚಂಡಮಾರುತ! ಬೋಟ್ ಲಕ್ಷದ್ವೀಪದ ಕಡೆ ಇತ್ತು. ಜನ ಉಳಿದರು. ಬಲೆ, ಹಗ್ಗ ಸೇರಿ ಎರಡೂವರೆ ಲಕ್ಷ ಹೋಯಿತು. ಮರುವರ್ಷ ಹೆದರಿ, ಒಂದು ಮೋಡದ ಗುಂಪು ನೋಡಿಯೇ ಮೂರು ಬೋಟ್ ವಾಪಸ್ ಕರೆಸಿದೆ. ಶಿಯರ್, ಅಂದರೆ ಮೇಲಿನ ಗಾಳಿ ಮತ್ತು ಕೆಳಗಿನ ಗಾಳಿಯ ದಿಕ್ಕು, ವೇಗದ ವ್ಯತ್ಯಾಸ, ಅದನ್ನು ಚಿಂದಿ ಮಾಡಿತು. ಡೀಸೆಲ್, ಐಸ್ ಲೆಕ್ಕ ಹಾಕಿದರೆ ನಾಲ್ಕು ಲಕ್ಷದ ಹತ್ತಿರ. ಮಲ್ಪೆ ಬಂದರಿನಲ್ಲಿ ಒಂದು ತಿಂಗಳು ಯಾರೂ ನನಗೆ ಚಾ ಕೊಡಿಸಲಿಲ್ಲ.

ಆಮೇಲೆ ಮಾಡೆಲ್‌ನ ಗಾಳಿ ಅಂಕಿ ನೋಡುವುದನ್ನೇ ಬಿಟ್ಟೆ. ಬೆಳಗಿನ ಮೊದಲ ಬೆಳಕಿನ ಇನ್ಸಾಟ್ ಉಪಗ್ರಹದ ಚಿತ್ರದಲ್ಲಿ, ಕೆಳಗಿನ ಸುಳಿಯ ತಲೆ ಮೇಲೇ ಎತ್ತರದ ಮೋಡ ಕೂತಿದೆಯೋ, ಒಂದು ಪಕ್ಕಕ್ಕೆ ಜಾರಿದೆಯೋ ನೋಡುತ್ತೇನೆ. ಜಾರಿದ್ದರೆ ಆವತ್ತಿಗೆ ತಲೆಬಿಸಿ ಇಲ್ಲ. ಕೂತಿದ್ದರೆ ಬೇರೆ ಉಪಗ್ರಹಗಳ ಮೈಕ್ರೋವೇವ್ ಚಿತ್ರಕ್ಕೆ ಕಾಯುವುದು. ಮೇಲಿನ ಮೋಡದ ಹೊದಿಕೆ ದಾಟಿ ಒಳಗಿನ ಮಳೆಯ ಬಳೆ ಅದರಲ್ಲಿ ಕಾಣುತ್ತದೆ. ಬಳೆ ಪೂರ್ತಿ ಮುಚ್ಚಿದ್ದು, ಶಿಯರ್ ಹದಿನೈದು ನಾಟ್ ಒಳಗಿದ್ದರೆ ಮುಂದಿನ 24 ಗಂಟೆ ಅಪಾಯ. ಕಷ್ಟ ಏನೆಂದರೆ, ಆ ಉಪಗ್ರಹಗಳು ದಿನಕ್ಕೆ ಕೆಲವೇ ಸಲ ಹಾಯುತ್ತವೆ, ಎಷ್ಟೋ ಸಲ ಸುಳಿಯ ಪಕ್ಕದಲ್ಲೇ ಹೋಗಿಬಿಡುತ್ತವೆ. ಆ ಖಾಲಿ ಗಂಟೆಗಳನ್ನು ಹೇಗೆ ತುಂಬಿಸುತ್ತೇನೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ, ಅಷ್ಟು ನನಗಿರಲಿ.

ನಡುವೆ ಒಂದು ಹುಚ್ಚು. ಚಂಡಮಾರುತದ ಊಟವೇ ಬಿಸಿ ನೀರು. ಕಡಲು ಮೇಲೆ ಮಾತ್ರ ಬಿಸಿ ಇದ್ದರೆ ಗಾಳಿಯೇ ನೀರು ಕಲಕಿ ಅಡಿಯ ತಣ್ಣೀರು ಮೇಲೆ ತರುತ್ತದೆ, ತನ್ನ ಊಟ ತಾನೇ ಕೆಡಿಸಿಕೊಳ್ಳುತ್ತದೆ, ಅಲ್ವಾ? ಬಿಸಿ ಎಷ್ಟು ಆಳಕ್ಕಿದೆ ನೋಡಲು ಥರ್ಮಾಮೀಟರನ್ನು ಹಗ್ಗಕ್ಕೆ ಕಟ್ಟಿ, ಬೋಟ್ ನಡೆಸುವ ತಾಂಡೇಲನ ಕೈಗೆ ಕೊಟ್ಟೆ. ಮೇಲೆ ಸುಮಾರು 30 ಡಿಗ್ರಿ ಅಂತ ಗೊತ್ತಾಯಿತು. ಅಡಿಯದ್ದು ಗೊತ್ತಾಗುವ ಮೊದಲೇ ಹಗ್ಗ ಕಡಿಯಿತು. ಸಾವಿರದೆಂಟುನೂರು ರೂಪಾಯಿ ಮೀನಿನ ಪಾಲು.

2019ರ ಅಕ್ಟೋಬರ್ 25. ರತ್ನಾಗಿರಿಯ ಪಶ್ಚಿಮಕ್ಕೆ ಕ್ಯಾರ್ ಚಂಡಮಾರುತ. ಮೋಡ ಸರಿಯಾಗಿ ತಲೆ ಮೇಲೇ ಕೂತಿತ್ತು. ರಾತ್ರಿಯ ಚಿತ್ರದಲ್ಲಿ ಬಳೆ ಮುಚ್ಚಿತ್ತು. "ಎರಡು ದಿನದಲ್ಲಿ ರಾಕ್ಷಸ ಆಗ್ತದೆ, ಬೋಟ್ ಕಾರವಾರಕ್ಕೆ ನುಗ್ಗಿಸಿ" ಅಂದೆ. "ಹೋದ ಸಲದ್ದು ಮರೆತುಹೋಯ್ತಾ ಮಾರಾಯ?" ಅಂತ ಭಾವ ನಕ್ಕರು. ಆದರೂ ನುಗ್ಗಿಸಿದರು. 27ಕ್ಕೆ ಅದು ಸೂಪರ್ ಸೈಕ್ಲೋನ್. ಅರಬ್ಬಿ ಕಡಲಲ್ಲಿ 2007ರ ಗೋನು ಬಿಟ್ಟರೆ ಅಂಥದ್ದು ಆಗಿರಲಿಲ್ಲ.

ಒಮಾನ್‌ಗೆ ಬಡಿಯುತ್ತದೆ ಅಂತಲೂ ಹೇಳಿದ್ದೆ. ಅದು ತಪ್ಪಿತು, ಕಡಲಲ್ಲೇ ಸೊರಗಿ ಹೋಯಿತು. ಇರಲಿ. ಹವಾಮಾನ ಇಲಾಖೆಯ ಎಚ್ಚರಿಕೆ ಬಂದ ಮೇಲೆ ನನ್ನ ಬಳೆ ಗಿಳೆ ಏನೂ ಇಲ್ಲ, ಸುಮ್ನೆ ವಾಪಸ್ ಬರುವುದೇ. ಈಗ ಬೋಟ್ ಹೊರಡುವ ಹಿಂದಿನ ರಾತ್ರಿ ತಾಂಡೇಲನೇ ಫೋನ್ ಮಾಡುತ್ತಾನೆ: "ಅಣ್ಣ, ಬಳೆ ಉಂಟಾ?"