ಡಿಸ್ನಿ ವರ್ಲ್ಡ್‌ನ ದೊಡ್ಡ ರೆಸ್ಟೋರೆಂಟ್‌ಗಳಿಗೆ ಏನು ಉಟ್ಟು ಹೋಗಬೇಕು: ಊರಿನಿಂದ ಬಂದ ತಂದೆತಾಯಿಯೊಡನೆ ಹೋಗುವವರಿಗೆ

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಊರಿನಿಂದ ಬಂದ ತಂದೆತಾಯಿಯನ್ನು ಕರೆದೊಯ್ಯುವ ಜಾಗಗಳಲ್ಲಿ ಫ್ಲಾರಿಡಾದ ಒರ್ಲ್ಯಾಂಡೊ ಬಳಿಯ ವಾಲ್ಟ್ ಡಿಸ್ನಿ ವರ್ಲ್ಡ್ ಒಂದು. 1971ರಲ್ಲಿ ಆರಂಭವಾದ ಈ ವಿಹಾರಧಾಮದಲ್ಲಿ ಇಂದು ನಾಲ್ಕು ಥೀಮ್ ಪಾರ್ಕ್‌ಗಳೂ ಇಪ್ಪತ್ತಕ್ಕೂ ಹೆಚ್ಚು ಹೋಟೆಲ್‌ಗಳೂ ಇವೆ. ಪ್ರವಾಸದ ಒಂದು ಸಂಜೆಯಾದರೂ ಹಿರಿಯರನ್ನು ಒಳ್ಳೆಯ ರೆಸ್ಟೋರೆಂಟ್‌ನಲ್ಲಿ ಕೂರಿಸಿ ಊಟ ಮಾಡಿಸಬೇಕೆಂದು ಮಕ್ಕಳು ಟೇಬಲ್ ಕಾಯ್ದಿರಿಸುತ್ತಾರೆ. ಆ ರೆಸ್ಟೋರೆಂಟ್‌ನ ಪುಟದಲ್ಲಿ ಉಡುಪಿನ ಬಗ್ಗೆ ಒಂದೆರಡು ಸಾಲುಗಳನ್ನು ಕಂಡೊಡನೆ ಚಿಂತೆ ಶುರುವಾಗುತ್ತದೆ. ಅಪ್ಪನಿಗೆ ಕೋಟು ಕೊಳ್ಳಬೇಕೇ, ಅಮ್ಮ ಸೀರೆಯಲ್ಲಿ ಬಂದರೆ ಆಗುತ್ತದೆಯೇ, ಬೆಳಗ್ಗೆಯಿಂದ ಪಾರ್ಕ್‌ನಲ್ಲಿ ಸುತ್ತಿದ ಬಟ್ಟೆಯಲ್ಲೇ ಹೋಗಬಹುದೇ ಎಂಬ ಪ್ರಶ್ನೆಗಳು ಒಟ್ಟಿಗೇ ಏಳುತ್ತವೆ. ಈ ಪ್ರಶ್ನೆಗಳಿಗೆ ಉತ್ತರ ಹುಡುಕುವವರು ಅಂಗಡಿಗೆ ಹೋಗುವ ಮೊದಲು ಎರಡು ವಿಷಯಗಳನ್ನು ತಿಳಿದುಕೊಳ್ಳಬೇಕು: ನೀವು ಹೋಗುವ ರೆಸ್ಟೋರೆಂಟ್ ಯಾವ ಬಗೆಯದು, ಮತ್ತು ಆ ದಿನ ಅಲ್ಲಿಗೆ ಎಲ್ಲಿಂದ ಹೊರಡುತ್ತೀರಿ. ಇವೆರಡೂ ಸ್ಪಷ್ಟವಾದರೆ ಬಟ್ಟೆಯ ಆಯ್ಕೆ ತಾನಾಗಿಯೇ ಸುಲಭವಾಗುತ್ತದೆ. ಬಹುಪಾಲು ಮನೆಗಳಲ್ಲಿ ಹೊಸದಾಗಿ ಏನನ್ನೂ ಕೊಳ್ಳಬೇಕಾಗುವುದಿಲ್ಲ.

ಮೊದಲನೆಯ ಬಗೆ ಪಾರ್ಕ್‌ಗಳ ಒಳಗೇ ಇರುವ ದುಬಾರಿ ರೆಸ್ಟೋರೆಂಟ್‌ಗಳದ್ದು. ಮ್ಯಾಜಿಕ್ ಕಿಂಗ್‌ಡಮ್‌ನ ಕೋಟೆಯೊಳಗಿನ ಸಿಂಡರೆಲ್ಲಾಸ್ ರಾಯಲ್ ಟೇಬಲ್, ಎಪ್ಕಾಟ್‌ನ ಲೆ ಸೆಲಿಯೇ, ಹಾಲಿವುಡ್ ಸ್ಟುಡಿಯೋಸ್‌ನ ಬ್ರೌನ್ ಡರ್ಬಿ ಇಂಥವು. ಇಲ್ಲಿಗೆ ಬರುವವರೆಲ್ಲ ಪಾರ್ಕ್‌ನಲ್ಲಿ ನಡೆದು ಬಂದವರೇ ಆದ್ದರಿಂದ ಪಾರ್ಕ್‌ಗೆ ಹೊಂದುವ ಬಟ್ಟೆ ಇಲ್ಲಿಗೂ ಹೊಂದುತ್ತದೆ. ಆದರೆ ಪಾರ್ಕ್‌ಗಳಿಗೇ ತಮ್ಮದೇ ಆದ ಉಡುಪಿನ ನಿಯಮಗಳಿದ್ದು, ಅವುಗಳಲ್ಲಿ ಎರಡು ನಮ್ಮವರಿಗೆ ಮುಖ್ಯವಾದವು. ನೆಲದ ಮೇಲೆ ಎಳೆದಾಡುವ ಬಟ್ಟೆ ಸಲ್ಲದು ಎಂಬುದು ಒಂದು; ಹದಿನಾಲ್ಕು ವರ್ಷ ತುಂಬಿದವರು ಪಾತ್ರಗಳ ವೇಷ ಧರಿಸುವಂತಿಲ್ಲ ಎಂಬುದು ಇನ್ನೊಂದು. ಎರಡನೆಯದರಿಂದ ನಮ್ಮ ಉಡುಗೆಗಳಿಗೆ ಯಾವ ಅಡ್ಡಿಯೂ ಇಲ್ಲ, ಏಕೆಂದರೆ ಸೀರೆಯಾಗಲಿ ಶೆರ್ವಾನಿಯಾಗಲಿ ವೇಷವಲ್ಲ. ಮೊದಲನೆಯದನ್ನು ಮಾತ್ರ ಸೀರೆ ಉಡುವವರೂ ಉದ್ದನೆಯ ಲಂಗ ತೊಡುವವರೂ ನೆನಪಿಡಬೇಕು. ನೆರಿಗೆಯ ಅಂಚು ಪಾದದ ಗಂಟಿನ ಮಟ್ಟದಲ್ಲಿ ನಿಲ್ಲುವಂತೆ ಉಟ್ಟು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರೆ ನಿಯಮವನ್ನು ಪಾಲಿಸಿದಂತೆಯೂ ಆಯಿತು, ಚಲಿಸುತ್ತಲೇ ಇರುವ ಪಟ್ಟಿಯ ಮೇಲೆ ಕಾಲಿಟ್ಟು ಹತ್ತಬೇಕಾದ ಸವಾರಿಗಳಲ್ಲಿ ಸೀರೆ ಸಿಕ್ಕಿಕೊಳ್ಳುವ ಅಪಾಯವೂ ತಪ್ಪಿತು.

ಎರಡನೆಯ ಬಗೆ ಡಿಸ್ನಿ ಹೋಟೆಲ್‌ಗಳಲ್ಲಿರುವ, ಸಿಗ್ನೇಚರ್ ಡೈನಿಂಗ್ ಎಂದು ಕರೆಯುವ ರೆಸ್ಟೋರೆಂಟ್‌ಗಳದ್ದು. ಗೊಂದಲವೆಲ್ಲ ಇರುವುದು ಇಲ್ಲಿಯೇ. ಕಂಟೆಂಪೊರರಿ ಹೋಟೆಲ್‌ನ 15ನೇ ಮಹಡಿಯ ಕ್ಯಾಲಿಫೋರ್ನಿಯಾ ಗ್ರಿಲ್, ಗ್ರ್ಯಾಂಡ್ ಫ್ಲಾರಿಡಿಯನ್‌ನ ಸಿಟ್ರಿಕೋಸ್ ಮತ್ತು ನಾರ್ಕೂಸೀಸ್, ರಿವಿಯೆರಾದ ಟೊಪೊಲಿನೋಸ್ ಟೆರೇಸ್, ಆನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಜಿಕೋ ಈ ಗುಂಪಿಗೆ ಸೇರುತ್ತವೆ. ಒಂದು ಕಾಲಕ್ಕೆ ಇವುಗಳ ನಿಯಮದಲ್ಲಿ ಗಂಡಸರು ಹೀಗೆ, ಹೆಂಗಸರು ಹಾಗೆ ಎಂದು ಪ್ರತ್ಯೇಕ ಪಟ್ಟಿಯೇ ಇರುತ್ತಿತ್ತು. ಈಗಿನ ನಿಯಮ ಅದಕ್ಕಿಂತ ಸಡಿಲವಾಗಿದ್ದು, ರೆಸ್ಟೋರೆಂಟ್‌ನ ಘನತೆಗೆ ತಕ್ಕಂತೆ ಬನ್ನಿ, ಬಟ್ಟೆ ಶುಚಿಯಾಗಿ, ಅಚ್ಚುಕಟ್ಟಾಗಿ, ಒಳ್ಳೆಯ ಸ್ಥಿತಿಯಲ್ಲಿರಲಿ, ಈಜುಡುಗೆ ಮಾತ್ರ ಬೇಡ ಎಂಬಷ್ಟನ್ನೇ ಹೇಳುತ್ತದೆ. ಜೀನ್ಸ್ ತೊಟ್ಟವರೂ ಗರಿಗರಿ ಶರ್ಟ್‌ನವರೂ ಒಂದೇ ಸಾಲಿನ ಟೇಬಲ್‌ಗಳಲ್ಲಿ ಕುಳಿತಿರುತ್ತಾರೆ. ಹಾಗೆಂದು ಮೊಣಕಾಲು ಕಾಣುವ ಹರಿದ ಚಡ್ಡಿಯಲ್ಲೋ ತೋಳಿಲ್ಲದ ಬನಿಯನ್ನಿನಲ್ಲೋ ಹೋಗುವುದು ನನಗೆ ಸರಿ ಕಾಣುವುದಿಲ್ಲ. ನಿಯಮ ಸಡಿಲವಾದಷ್ಟೂ ಒಳಬಿಡುವವರ ವಿವೇಚನೆಗೆ ಹೆಚ್ಚು ಜಾಗ ಸಿಗುತ್ತದೆ. ಅಲ್ಲದೆ ವರ್ಷಗಟ್ಟಲೆ ಕಾದು ಬಂದ ಹಿರಿಯರು ಪಕ್ಕದ ಟೇಬಲ್‌ನವರನ್ನು ನೋಡಿ ತಾವೇ ಸಂಕೋಚಪಟ್ಟುಕೊಳ್ಳುವ ಪರಿಸ್ಥಿತಿಯನ್ನು ನಾವಾಗಿ ತರಬಾರದು. ನಮ್ಮಲ್ಲಿ ನೆಂಟರ ಮನೆಯ ನಾಮಕರಣಕ್ಕೆ ಹೋಗುವಾಗ ಹಾಕಿಕೊಳ್ಳುವಂಥ ಬಟ್ಟೆ ಈ ರೆಸ್ಟೋರೆಂಟ್‌ಗಳಿಗೆ ಸರಿಯಾದ ಅಳತೆ.

ಟೊಪೊಲಿನೋಸ್ ಟೆರೇಸ್‌ಗೆ ಹೋಗುವವರು ಊಟದ ಹೊತ್ತನ್ನೂ ಗಮನಿಸಬೇಕು. ಬೆಳಗಿನ ತಿಂಡಿಗೆ ಅಲ್ಲಿ ಮಿಕ್ಕಿ ಮತ್ತು ಗೆಳೆಯರು ಟೇಬಲ್‌ನಿಂದ ಟೇಬಲ್‌ಗೆ ಬಂದು ಮಕ್ಕಳನ್ನು ಮಾತಾಡಿಸುತ್ತಾರೆ, ಆಗ ಪಾರ್ಕ್‌ಗೆ ಹೊರಟ ಟೀ ಶರ್ಟ್‌ಗಳೇ ಹೆಚ್ಚು. ರಾತ್ರಿಯೂಟಕ್ಕೆ ಅದೇ ಕೋಣೆ ಸಿಗ್ನೇಚರ್ ರೆಸ್ಟೋರೆಂಟ್ ಆಗುತ್ತದೆ.

ಮೂರನೆಯ ಬಗೆಯಲ್ಲಿ ಮುಖ್ಯವಾಗಿ ಹೇಳಬೇಕಾದ ಹೆಸರು ಒಂದೇ, ಗ್ರ್ಯಾಂಡ್ ಫ್ಲಾರಿಡಿಯನ್‌ನಲ್ಲಿರುವ ವಿಕ್ಟೋರಿಯಾ ಅಂಡ್ ಆಲ್ಬರ್ಟ್ಸ್. ಶ್ರೇಷ್ಠ ಅಡುಗೆಗೆ ಕೊಡುವ ಮಿಶೆಲಿನ್ ತಾರೆಯನ್ನು 2024ರಲ್ಲಿ ಪಡೆದ ಈ ರೆಸ್ಟೋರೆಂಟ್‌ಗೆ ಹತ್ತು ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ. ಗಂಡಸರಿಗೆ ಕೋಟು ಕಡ್ಡಾಯ ಎಂಬ ನಿಯಮ ಇಲ್ಲಿ ಬಹುಕಾಲ ಇತ್ತು. ಈಗ ಸೂಟು, ಕೋಟು, ಗೌನು ಮುಂತಾದ ಔಪಚಾರಿಕ ಅಥವಾ ಅದಕ್ಕೆ ಸಮೀಪದ ಉಡುಪನ್ನು ಕೇಳುತ್ತಾರೆ, ಟೈ ಐಚ್ಛಿಕ. ಜೀನ್ಸ್, ಚಡ್ಡಿ, ಹವಾಯಿ ಚಪ್ಪಲಿ, ಕ್ರೀಡಾ ಬೂಟು ಇವಕ್ಕೆ ಇಲ್ಲಿ ಜಾಗವಿಲ್ಲ. ಪುಟದಲ್ಲಿ ಯಾವ ಪದ ಬಳಸಿದ್ದರೂ ಗಂಡಸರು ಕೋಟು ಹಾಕಿಕೊಂಡೇ ಹೋಗುವುದು ಕ್ಷೇಮ. ಮನೆಯಲ್ಲಿ ಮದುವೆಗೆಂದು ಹೊಲಿಸಿದ ಬಂದ್‌ಗಲಾ ಇದ್ದರೆ ಅದನ್ನೇ ಹಾಕಬಹುದು. ಅದು ನಮ್ಮ ದೇಶದ ಔಪಚಾರಿಕ ಕೋಟು, ಟೈಯ ಗೊಡವೆಯೂ ಅದಕ್ಕಿಲ್ಲ.

ಇನ್ನು ಹೊರಡುವ ಜಾಗದ ವಿಚಾರ. ಎಷ್ಟೋ ಕುಟುಂಬಗಳು ಸರಿಯಾದ ಬಟ್ಟೆಯನ್ನೇ ತಂದಿದ್ದರೂ ಅದು ಹೋಟೆಲ್ ಕೋಣೆಯಲ್ಲೇ ಉಳಿದು, ಬೆವರಿದ ಟೀ ಶರ್ಟ್‌ನಲ್ಲಿ ರೆಸ್ಟೋರೆಂಟ್ ಬಾಗಿಲಿಗೆ ಬರುವಂತಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅಂದರೆ ತಂದೆತಾಯಿ ಹೆಚ್ಚಾಗಿ ಬರುವ ತಿಂಗಳುಗಳಲ್ಲಿ, ಒರ್ಲ್ಯಾಂಡೊದ ಬಿಸಿಲು ಹಗಲಲ್ಲಿ 33 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ ಮತ್ತು ಮಧ್ಯಾಹ್ನದ ಮೇಲೆ ಗುಡುಗು ಮಳೆ ಬೀಳುವುದು ಸಾಮಾನ್ಯ. ಅರ್ಧ ಗಂಟೆಯ ಆ ಮಳೆಗೆ ತಲೆ ಮೇಲಿನ ಪ್ಲಾಸ್ಟಿಕ್ ಹೊದಿಕೆ ಬಟ್ಟೆಯನ್ನು ಕಾಪಾಡಬಹುದು, ಬೂಟು ಮತ್ತು ಕಾಲುಚೀಲವನ್ನು ಕಾಪಾಡುವುದಿಲ್ಲ. ಆನಿಮಲ್ ಕಿಂಗ್‌ಡಮ್‌ನ ಕಾಲಿ ರಿವರ್ ರ‍್ಯಾಪಿಡ್ಸ್, ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ 2024ರಲ್ಲಿ ಆರಂಭವಾದ ಟಿಯಾನಾಸ್ ಬಾಯೂ ಅಡ್ವೆಂಚರ್ ಇಂಥ ನೀರಿನ ಸವಾರಿಗಳನ್ನು ಆ ದಿನ ಬೆಳಗ್ಗೆಯೇ ಮುಗಿಸಿಬಿಡುವುದು ಒಳ್ಳೆಯದು.

ಉದಾಹರಣೆಗೆ ಮ್ಯಾಜಿಕ್ ಕಿಂಗ್‌ಡಮ್‌ನಿಂದ ಕ್ಯಾಲಿಫೋರ್ನಿಯಾ ಗ್ರಿಲ್‌ಗೆ ಹೋಗುವ ಸಂಜೆಯನ್ನು ನೋಡೋಣ. ಪಾರ್ಕ್‌ನ ದ್ವಾರದಿಂದ ಕಂಟೆಂಪೊರರಿ ಹೋಟೆಲ್‌ಗೆ ಹತ್ತು ನಿಮಿಷದ ಕಾಲುದಾರಿಯಿದೆ. ನಡೆಯಲಾಗದ ಹಿರಿಯರಿದ್ದರೆ ಮಾನೊರೈಲ್ ಹಿಡಿಯಬಹುದು, ಅದು ಹೋಟೆಲ್ ಕಟ್ಟಡದ ಹೊಟ್ಟೆಯೊಳಗೇ ನುಗ್ಗಿ 4ನೇ ಮಹಡಿಯಲ್ಲಿ ನಿಲ್ಲುತ್ತದೆ. ರೆಸ್ಟೋರೆಂಟ್ 15ನೇ ಮಹಡಿಯಲ್ಲಿದ್ದರೂ ಹೆಸರು ಹೇಳಬೇಕಾದ ಮೇಜು 2ನೇ ಮಹಡಿಯಲ್ಲಿದೆ, ಅಲ್ಲಿಂದ ಸಿಬ್ಬಂದಿಯೇ ಲಿಫ್ಟ್‌ನಲ್ಲಿ ಮೇಲಕ್ಕೆ ಕರೆದೊಯ್ಯುತ್ತಾರೆ. ನಿಮ್ಮ ಉಡುಪು ಮೊದಲು ಕಣ್ಣಿಗೆ ಬೀಳುವುದು ಆ ಮೇಜಿನ ಮುಂದೆ. ಆದ್ದರಿಂದ ಬಟ್ಟೆ ಬದಲಿಸುವ ಕೆಲಸವೆಲ್ಲ ಅದಕ್ಕೂ ಮೊದಲೇ ಮುಗಿದಿರಬೇಕು. ಬೆಳಗ್ಗೆ ಪಾರ್ಕ್‌ಗೆ ಹೋಗುವಾಗಲೇ ಒಂದು ತೆಳು ಚೀಲದಲ್ಲಿ ಎಲ್ಲರ ಸಂಜೆಯ ಬಟ್ಟೆಯನ್ನೂ ಪಾದರಕ್ಷೆಯನ್ನೂ ಇಟ್ಟು ದ್ವಾರದ ಬಳಿಯ ಬಾಡಿಗೆ ಲಾಕರ್‌ನಲ್ಲಿ ಬಿಡಿ. ಊಟದ ಹೊತ್ತಿಗಿಂತ ಮುಕ್ಕಾಲು ಗಂಟೆ ಮುಂಚೆ ಅದನ್ನು ತೆಗೆದುಕೊಂಡು ಹೋಟೆಲ್ ತಲುಪಿ, ಅಲ್ಲಿನ ಶೌಚಾಲಯದಲ್ಲಿ ಮುಖ ತೊಳೆದು ಬಟ್ಟೆ ಬದಲಿಸಿ. ಪಾರ್ಕ್‌ನ ಶೌಚಾಲಯಗಳಿಗಿಂತ ಹೋಟೆಲ್‌ನವು ತಣ್ಣಗೂ ನಿರಾಳವಾಗಿಯೂ ಇರುತ್ತವೆ. ನೀವು ಉಳಿದುಕೊಂಡಿರುವ ಹೋಟೆಲ್ ಹತ್ತಿರವಿದ್ದರೆ ಈ ಪಾಡೇ ಬೇಡ. ಮಧ್ಯಾಹ್ನ ಮೂರಕ್ಕೆ ಕೋಣೆಗೆ ಮರಳಿ, ಹಿರಿಯರಿಗೆ ಒಂದು ಗಂಟೆ ನಿದ್ದೆಯಾಗಲು ಬಿಟ್ಟು, ಸ್ನಾನ ಮಾಡಿ ಹೊರಡುವುದೇ ಎಲ್ಲಕ್ಕಿಂತ ಉತ್ತಮವಾದ ದಾರಿ.

ಶೌಚಾಲಯದಲ್ಲಿ ಸೀರೆ ಉಡುವುದು ಕಷ್ಟ. ನೆಲ ಒದ್ದೆಯಾಗಿರುತ್ತದೆ, ನೆರಿಗೆ ಹಿಡಿಯಲು ಜಾಗವಿರುವುದಿಲ್ಲ. ಕೋಣೆಗೆ ಮರಳುವ ಅವಕಾಶವಿಲ್ಲದ ದಿನಕ್ಕೆ ಚೂಡಿದಾರವನ್ನೋ, ನೆರಿಗೆಯನ್ನು ಮೊದಲೇ ಹೊಲಿಸಿಟ್ಟ ಸೀರೆಯನ್ನೋ ಇಟ್ಟುಕೊಳ್ಳುವುದು ಜಾಣತನ. ಕೋಣೆಯಿಂದಲೇ ಹೊರಡುವುದಾದರೆ ಸೀರೆಗಿಂತ ಶೋಭಿಸುವ ಉಡುಗೆ ಆ ಸಭಾಂಗಣಗಳಲ್ಲಿ ಇನ್ನೊಂದಿಲ್ಲ ಎಂದು ನಾನು ನಂಬುತ್ತೇನೆ. ಯಾವ ಸೀರೆ ಎಂಬುದನ್ನು ಮಾತ್ರ ಯೋಚಿಸಬೇಕು. ಭಾರವಾದ ಜರತಾರಿ ಕಂಚಿ ಸೀರೆ ಫ್ಲಾರಿಡಾದ ಸೆಕೆಯಲ್ಲಿ ಬಸ್ಸು ಹತ್ತಿ ಇಳಿಯುವಷ್ಟರಲ್ಲಿ ಹಿಂಸೆಯಾಗುತ್ತದೆ. ಮೈಸೂರು ರೇಷ್ಮೆಯ ಕ್ರೇಪ್ ಸೀರೆ ಹಗುರ, ಮೈಗೆ ಹೊಂದಿಕೊಂಡು ನಿಲ್ಲುತ್ತದೆ, ಸೂಟ್‌ಕೇಸಿನಲ್ಲಿ ಸುರುಳಿ ಸುತ್ತಿಟ್ಟರೂ ಹೆಚ್ಚು ಮುದುಡುವುದಿಲ್ಲ. ಸಣ್ಣ ಅಂಚಿನ ಒಂದು ಮೈಸೂರು ರೇಷ್ಮೆ ಸೀರೆಯಿದ್ದರೆ ಸಿಟ್ರಿಕೋಸ್‌ಗೂ ವಿಕ್ಟೋರಿಯಾ ಅಂಡ್ ಆಲ್ಬರ್ಟ್ಸ್‌ಗೂ ಅದೇ ಸಾಕು. ಇಳಕಲ್ ಸೀರೆ ಉಡುವವರು ಅದನ್ನೇ ಉಡಲಿ. ಮನೆಯಲ್ಲಿ ದಿನಬಳಕೆಗೆ ಉಟ್ಟು ಬಣ್ಣ ಮಾಸಿದ ಹತ್ತಿ ಸೀರೆ ಮಾತ್ರ ಬೇಡ, ಏಕೆಂದರೆ ಶುಚಿ ಮತ್ತು ಒಳ್ಳೆಯ ಸ್ಥಿತಿ ಎಂಬ ಮಾತು ಎಲ್ಲ ಉಡುಪಿಗೂ ಒಂದೇ. ಒಳಗೆ ಏಸಿಯ ಚಳಿ ಜೋರಾಗಿರುವುದರಿಂದ ಒಂದು ಶಾಲು ಜೊತೆಗಿರಲಿ. ಉಣ್ಣೆಯ ಟೋಪಿ, ಮಫ್ಲರ್‌ಗಳ ಬದಲು ಶಾಲು ಹೊದ್ದರೆ ಚಳಿಯೂ ತಡೆಯುತ್ತದೆ, ನೋಡಲೂ ಚೆನ್ನ.

ಗಂಡಸರ ವಿಷಯದಲ್ಲಿ ಎರಡು ತೊಡಕುಗಳಿವೆ, ಪಾದರಕ್ಷೆ ಮತ್ತು ಪಂಚೆ. ದಿನಕ್ಕೆ ಹದಿನೈದು ಸಾವಿರ ಹೆಜ್ಜೆ ನಡೆಯಬೇಕಾದೀತೆಂದು ಮಕ್ಕಳು ಅಪ್ಪನಿಗೆ ದಪ್ಪ ಅಡಿಯ ಬಿಳಿ ಕ್ರೀಡಾ ಬೂಟನ್ನು ಕೊಡಿಸಿರುತ್ತಾರೆ, ಅವರು ಇಸ್ತ್ರಿ ಮಾಡಿದ ಪ್ಯಾಂಟಿನ ಕೆಳಗೂ ಅದನ್ನೇ ಹಾಕಿಕೊಳ್ಳುತ್ತಾರೆ. ಸಿಗ್ನೇಚರ್ ರೆಸ್ಟೋರೆಂಟ್‌ಗಳಲ್ಲಿ ಅದು ಶುಚಿಯಾಗಿದ್ದರೆ ನಡೆಯುತ್ತದೆ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ಸ್‌ನಲ್ಲಿ ನಡೆಯುವುದಿಲ್ಲ. ಸಕ್ಕರೆ ಕಾಯಿಲೆಯಿಂದಲೋ ಮಂಡಿನೋವಿನಿಂದಲೋ ಮೆತ್ತನೆಯ ಬೂಟೇ ಬೇಕಾದವರಿಗೆ ಕಪ್ಪು ಚರ್ಮದ ವಾಕಿಂಗ್ ಶೂ ಒಂದನ್ನು ಪ್ರವಾಸಕ್ಕೆ ಮೊದಲೇ ಕೊಡಿಸಿ, ವಾರ ಕಾಲ ಮನೆಯಲ್ಲಿ ಹಾಕಿ ಪಳಗಿಸುವಂತೆ ಹೇಳಿದರೆ ಹಗಲಿಗೂ ರಾತ್ರಿಗೂ ಅದೊಂದೇ ಸಾಕಾಗುತ್ತದೆ. ಹೊಸ ಬೂಟನ್ನು ಆ ಸಂಜೆಯೇ ಮೊದಲು ಹಾಕಿಸಿದರೆ ಹಿಮ್ಮಡಿ ಕಿತ್ತು ಊಟದ ಸಂತೋಷವೇ ಹಾಳಾದೀತು. ಮೇಲಿನ ಉಡುಪಿಗೆ ಕಾಲರ್ ಇರುವ ಶರ್ಟ್, ಅಥವಾ ಜುಬ್ಬಾ ಪೈಜಾಮದ ಮೇಲೊಂದು ನೆಹರೂ ಜಾಕೆಟ್ ಚೆನ್ನಾಗಿ ಒಪ್ಪುತ್ತದೆ. ತಲೆಯ ಮೇಲಿನ ಕ್ಯಾಪ್ ಅನ್ನು ಒಳಗೆ ತೆಗೆದಿಡುವುದು ರೂಢಿ. ಧರ್ಮಕ್ಕೆ ಸಂಬಂಧಿಸಿದ ಪೇಟ, ಟೋಪಿಗಳ ಮಾತು ಬೇರೆ.

ಪಂಚೆಯ ಬಗ್ಗೆ ಹಿರಿಯರ ಮನಸ್ಸಿನಲ್ಲಿ ಅಳುಕಿದ್ದರೆ ಅದಕ್ಕೆ ಕಾರಣವಿದೆ. 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲೊಂದರಲ್ಲಿ ಮಗನೊಡನೆ ಸಿನಿಮಾ ನೋಡಲು ಬಂದ ಹಿರಿಯ ರೈತರನ್ನು ಪಂಚೆ ಉಟ್ಟಿದ್ದಾರೆಂದು ತಡೆದು, ವಿಷಯ ವಿಧಾನಸಭೆಯವರೆಗೂ ಹೋಗಿದ್ದು ಎಲ್ಲರಿಗೂ ನೆನಪಿದೆ. ಸ್ವಂತ ನೆಲದಲ್ಲೇ ಹಾಗಾಗಿದ್ದನ್ನು ಕಂಡವರು ಪರದೇಶದಲ್ಲಿ ಪಂಚೆ ಉಡಲು ಹಿಂಜರಿದರೆ ತಪ್ಪೇನಿಲ್ಲ. ಆದರೆ ಡಿಸ್ನಿಯ ಸಿಗ್ನೇಚರ್ ರೆಸ್ಟೋರೆಂಟ್‌ಗಳ ನಿಯಮ ಯಾವ ದೇಶದ ಉಡುಗೆಯನ್ನೂ ಹೆಸರಿಸಿ ಬೇಡವೆನ್ನುವುದಿಲ್ಲ. ಬಿಳಿ ಪಂಚೆ, ತುಂಬುತೋಳಿನ ಬಿಳಿ ಶರ್ಟ್, ಶಲ್ಯ ಇವು ಶುಚಿ ಮತ್ತು ಅಚ್ಚುಕಟ್ಟು ಎಂಬ ಎರಡೂ ಮಾತಿಗೆ ಸಲ್ಲುತ್ತವೆ. ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟದೆ ಪೂರ್ತಿ ಇಳಿಬಿಟ್ಟಿರಬೇಕು, ಸೊಂಟದಲ್ಲಿ ಬೆಲ್ಟ್ ಇದ್ದರೆ ಹಿರಿಯರಿಗೂ ಧೈರ್ಯ.

ವಿಕ್ಟೋರಿಯಾ ಅಂಡ್ ಆಲ್ಬರ್ಟ್ಸ್‌ಗೆ ಪಂಚೆಯಲ್ಲಿ ಹೋಗಬೇಕೆಂದಿದ್ದರೆ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಕೇಳುವಾಗ ಪಂಚೆ ಎಂಬ ಹೆಸರು ಹೇಳಿ ಸುಮ್ಮನಾಗದೆ, ನಮ್ಮ ತಂದೆಯವರು ಭಾರತದ ಸಾಂಪ್ರದಾಯಿಕ ಔಪಚಾರಿಕ ಉಡುಗೆಯಲ್ಲಿ, ಮೇಲೆ ಕೋಟು ಹಾಕಿಕೊಂಡು, ಮುಚ್ಚಿದ ಬೂಟಿನಲ್ಲಿ ಬರುತ್ತಾರೆ ಎಂದು ವಿವರಿಸಿ, ಸಾಧ್ಯವಾದರೆ ಒಂದು ಫೋಟೊವನ್ನೂ ಕಳಿಸಿ, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಿ. ಟೇಬಲ್ ಕಾಯ್ದಿರಿಸುವಿಕೆ 60 ದಿನ ಮುಂಚೆ ತೆರೆಯುವುದರಿಂದ ಇದಕ್ಕೆಲ್ಲ ಸಾಕಷ್ಟು ಸಮಯವಿರುತ್ತದೆ. ನಿಯಮಗಳು ಆಗಾಗ ಬದಲಾಗುತ್ತವೆಯಾದ್ದರಿಂದ ಕಾಯ್ದಿರಿಸುವ ದಿನ ಒಮ್ಮೆ, ಸೂಟ್‌ಕೇಸ್ ತುಂಬುವ ದಿನ ಇನ್ನೊಮ್ಮೆ ಆ ರೆಸ್ಟೋರೆಂಟ್‌ನ ಪುಟವನ್ನು ತೆರೆದು ಓದಬೇಕು.

ಮಕ್ಕಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ರಾಜಕುಮಾರಿಯ ಗೌನು ತೊಟ್ಟ ಪುಟ್ಟ ಹುಡುಗಿಯರು ಸಿಗ್ನೇಚರ್ ರೆಸ್ಟೋರೆಂಟ್‌ಗಳಲ್ಲೂ ಕಾಣಸಿಗುತ್ತಾರೆ. ಈಜುಕೊಳದಿಂದ ನೇರ ಬಂದ ಒದ್ದೆ ಬಟ್ಟೆಯೊಂದು ಬೇಡ, ಮತ್ತು ಊಟದ ನಡುವೆ ಏನಾದರೂ ಚೆಲ್ಲಿಕೊಂಡರೆ ಬದಲಿಸಲು ಒಂದು ಅಂಗಿ ಅಜ್ಜಿಯ ಶಾಲಿನ ಜೊತೆಗೇ ಆ ಚೀಲದಲ್ಲಿರಲಿ.